ಚಹಾದಂಗಡಿಯಲ್ಲಿ ಕೇಳಿದ ಪ್ರಶ್ನೆ ಕ್ಲೈಂಟ್‌ಗೂ ಕೇಳಿಸಲಿ: ದೂರದ ತಂಡಗಳ ಜೊತೆ ರಿಕ್ವೈರ್‌ಮೆಂಟ್ ರಿಸ್ಕ್ ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಪುಣೆಯ ಹಿಂಜವಡಿ ಫೇಸ್ 2ರಲ್ಲಿ ನಮ್ಮ ಆಫೀಸಿನ ಎದುರು ಒಂದು ಅಮೃತತುಲ್ಯ ಚಹಾದಂಗಡಿ ಇದೆ. ನಮ್ಮ ತಂಡದಲ್ಲಿ ಕನ್ನಡದವರು ಐದು ಜನ. ನಾನು ಧಾರವಾಡದವಳು. ಇಬ್ಬರು ಬೆಳಗಾವಿ ಕಡೆಯವರು, ಒಬ್ಬ ಉಡುಪಿಯವನು, ಒಬ್ಬಳು ಕಲಬುರಗಿಯ ಹುಡುಗಿ. ಸಂಜೆ ನಾಲ್ಕಕ್ಕೆ ಅಲ್ಲಿ ಸೇರಿದರೆ ಆಫೀಸಿನ ಇಂಗ್ಲಿಷ್, ಹಿಂದಿ, ಮರಾಠಿ ಎಲ್ಲ ಬದಿಗಿಟ್ಟು ಕನ್ನಡದಲ್ಲಿ ಮಾತಾಡುತ್ತೇವೆ.

ಕೆಲವು ವರ್ಷಗಳ ಹಿಂದೆ ಅಲ್ಲೇ ನಿಂತು ಆ ಹುಡುಗಿ ಕೇಳಿದಳು, "ಅಕ್ಕಾ, ಮೂರು ವರ್ಕಿಂಗ್ ಡೇಸ್ ಅಂತ ಬರದಾರಲ್ರಿ, ಅದರಾಗ ಶನಿವಾರ ಹಿಡೀಬೇಕೇನ್ರಿ?"

ಆಗ ನಾವು ಜರ್ಮನಿಯ ಒಬ್ಬ ಕ್ಲೈಂಟ್‌ಗೆ ಗೋದಾಮಿನ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಆರ್ಡರ್ ಬಂದ ಮೂರು ವರ್ಕಿಂಗ್ ಡೇಸ್ ಒಳಗೆ ಸರಕು ಹೊರಡಬೇಕು ಎನ್ನುವುದು ಒಂದು ರಿಕ್ವೈರ್‌ಮೆಂಟ್, ಅಂದರೆ ಸಾಫ್ಟ್‌ವೇರ್ ಏನು ಮಾಡಬೇಕು ಎಂಬ ಕ್ಲೈಂಟ್‌ನ ಬೇಡಿಕೆ. "ಯುರೋಪ್‌ನಾಗ ಶನಿವಾರ ಯಾರು ಕೆಲಸ ಮಾಡ್ತಾರ? ಸೋಮವಾರದಿಂದ ಶುಕ್ರವಾರ ಹಿಡಿ" ಅಂದೆ. ಅವಳು ಹಾಗೇ ಕೋಡ್ ಬರೆದಳು. ಟೆಸ್ಟ್ ಎಲ್ಲ ಪಾಸಾಯಿತು. ಎರಡು ತಿಂಗಳ ನಂತರ ಕ್ಲೈಂಟ್‌ನ ಗೋದಾಮಿನವರು ಮೊದಲ ಸಲ ಬಳಸಿ ನೋಡಿದಾಗ ಅರ್ಧಕ್ಕರ್ಧ ಗಡುವುಗಳು ತಪ್ಪು.

ಅವರ ಮೂಲ ಕಾಗದದಲ್ಲಿ ಇದ್ದದ್ದು 'ವೆರ್ಕ್‌ಟಾಗ್' ಎಂಬ ಜರ್ಮನ್ ಪದ. ಅಲ್ಲಿನ ರಜೆ ಕಾಯ್ದೆಯ ಪ್ರಕಾರ ಭಾನುವಾರ ಮತ್ತು ಸರ್ಕಾರಿ ರಜೆ ಬಿಟ್ಟು ಉಳಿದ ಎಲ್ಲ ದಿನವೂ ವೆರ್ಕ್‌ಟಾಗ್. ಅಂದರೆ ಶನಿವಾರವೂ ಸೇರುತ್ತದೆ. ಸೋಮವಾರದಿಂದ ಶುಕ್ರವಾರಕ್ಕೆ ಅವರು ಸಾಮಾನ್ಯವಾಗಿ ಬಳಸುವ ಪದ 'ಆರ್ಬೈಟ್ಸ್‌ಟಾಗ್'. ನಡುವೆ ಯಾರೋ ಇಂಗ್ಲಿಷ್‌ಗೆ ತಂದಾಗ ಎರಡೂ ಒಂದೇ ಆಗಿಬಿಟ್ಟವು. ನಮ್ಮ ಟೆಸ್ಟ್‌ನಲ್ಲಿ ಯಾಕೆ ಸಿಗಲಿಲ್ಲ ಗೊತ್ತಾ? ಟೆಸ್ಟ್ ಡೇಟಾದ ಆರ್ಡರ್‌ಗಳೆಲ್ಲ ಸೋಮವಾರದವು. ಸೋಮವಾರ, ಮಂಗಳವಾರ ಬಂದ ಆರ್ಡರ್‌ಗೆ ಎರಡೂ ಲೆಕ್ಕದಲ್ಲಿ ಉತ್ತರ ಒಂದೇ. ಬುಧವಾರದಿಂದ ಶುಕ್ರವಾರದವರೆಗೆ ಬಂದದ್ದಕ್ಕೆ ಮಾತ್ರ ಬೇರೆ.

ನನ್ನನ್ನು ಇವತ್ತಿಗೂ ಕಾಡುವುದು ಆ ಅನುವಾದವಲ್ಲ. ಸರಿಯಾದ ಪ್ರಶ್ನೆ ನಮ್ಮ ಹತ್ತಿರವೇ ಹುಟ್ಟಿತ್ತು. ಕನ್ನಡದಲ್ಲಿ, ಚಹಾ ಕುಡಿಯುತ್ತಾ. ಅದು ಕ್ಲೈಂಟ್ ಜೊತೆಗಿನ ಕಾಲ್‌ಗೆ ಹೋಗಲಿಲ್ಲ. ನಾನೇ ಉತ್ತರ ಕೊಟ್ಟು ಮುಗಿಸಿದೆ. ಆಮೇಲಿನ ಪ್ರಾಜೆಕ್ಟ್‌ಗಳಲ್ಲಿ ನಾನು ಗಮನಿಸುತ್ತಾ ಬಂದದ್ದು ಇದನ್ನೇ. ದೂರದ ತಂಡಗಳ ಕೆಲಸದಲ್ಲಿ ರಿಕ್ವೈರ್‌ಮೆಂಟ್ ಕೆಡುವುದು ಹೆಚ್ಚಾಗಿ ಬರೆದದ್ದರಲ್ಲಿ ಅಲ್ಲ, ಕೇಳದೇ ಉಳಿದದ್ದರಲ್ಲಿ. ಕೆಳಗಿನ ಹೆಜ್ಜೆಗಳೆಲ್ಲ ಆ ಪ್ರಶ್ನೆಯನ್ನು ಹೇಗಾದರೂ ಮಾಡಿ ಆ ಕಡೆಗೆ ದಾಟಿಸುವ ದಾರಿಗಳು. ಬಿಸಿನೆಸ್ ಅನಲಿಸ್ಟ್, ಟೆಸ್ಟರ್, ಟೀಮ್ ಲೀಡ್ ಯಾರೇ ಆಗಿದ್ದರೂ ನಾಳೆಯಿಂದಲೇ ಶುರು ಮಾಡಬಹುದು.

ಹೆಜ್ಜೆ 1: ಮೊದಲು ಜನರ ನಕ್ಷೆ ಬರೆಯಿರಿ

ಪ್ರಾಜೆಕ್ಟ್ ಶುರುವಾದ ಮೊದಲ ವಾರ ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಸಾಫ್ಟ್‌ವೇರ್ ಬಳಸುವವರು ಯಾರು, ಅವರ ಪರವಾಗಿ ಮಾತಾಡುವವರು ಯಾರು, ತೀರ್ಮಾನ ಮಾಡುವವರು ಯಾರು, ದುಡ್ಡು ಕೊಡುವವರು ಯಾರು ಎಂದು ಬರೆಯಿರಿ. ಸಾಮಾನ್ಯವಾಗಿ ಈ ನಾಲ್ವರೂ ಬೇರೆ ಬೇರೆ ಊರಿನಲ್ಲಿ ಇರುತ್ತಾರೆ. ಈಗ ಬಳಸುವವರಿಂದ ನಿಮ್ಮ ಡೆವಲಪರ್‌ವರೆಗೆ ಒಂದು ಗೆರೆ ಎಳೆಯಿರಿ. ನಡುವೆ ಎಷ್ಟು ಜನ ಇದ್ದಾರೆ, ಎಷ್ಟು ಸಲ ಭಾಷೆ ಬದಲಾಗುತ್ತದೆ ಎಣಿಸಿ.

ನಮ್ಮ ವೆರ್ಕ್‌ಟಾಗ್ ಪ್ರಾಜೆಕ್ಟ್‌ನಲ್ಲಿ ಹೀಗಿತ್ತು: ಗೋದಾಮಿನ ಮೇಲ್ವಿಚಾರಕ, ಆಮೇಲೆ ಅವರ ಐಟಿ ವಿಭಾಗ, ಆಮೇಲೆ ಪ್ರಾಡಕ್ಟ್ ಓನರ್ (ಏನು ಬೇಕು ಎಂದು ಕ್ಲೈಂಟ್ ಪರವಾಗಿ ಹೇಳುವವರು), ಆಮೇಲೆ ಕ್ಲೈಂಟ್ ಜಾಗದಲ್ಲೇ ಇರುವ ನಮ್ಮ ಆನ್‌ಸೈಟ್ ಕೋಆರ್ಡಿನೇಟರ್, ಆಮೇಲೆ ನಾನು, ಕೊನೆಗೆ ಡೆವಲಪರ್. ಐದು ಕೈ ದಾಟಿ ಬಂದ ಮಾತು ಅದು. ಒಬ್ಬೊಬ್ಬರೂ ತಮಗೆ ತಿಳಿದಷ್ಟು ಸೇರಿಸಿ, ತಮಗೆ ಬೇಡ ಅನಿಸಿದ್ದನ್ನು ಬಿಟ್ಟು ಮುಂದೆ ಕಳಿಸಿದ್ದರು.

ದೂರದ ಕೆಲಸ ನಿಧಾನ ಎನ್ನುವುದು ಬರೀ ನಮ್ಮ ಅನುಭವ ಅಲ್ಲ. ಜೇಮ್ಸ್ ಹರ್ಬ್ಸ್‌ಲೆಬ್ ಮತ್ತು ಆಡ್ರಿಸ್ ಮೊಕಸ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ನೋಡಿತ್ತು. ಒಂದೇ ಜಾಗದಲ್ಲಿ ಮುಗಿಯುವ ಕೆಲಸಕ್ಕಿಂತ, ಅದೇ ತರಹದ ಕೆಲಸ ಹಲವು ಜಾಗಗಳಿಗೆ ಹಂಚಿದಾಗ ಸುಮಾರು ಎರಡೂವರೆ ಪಟ್ಟು ಸಮಯ ತೆಗೆದುಕೊಳ್ಳುತ್ತಿತ್ತು. ಹಂಚಿದ ಕೆಲಸಕ್ಕೆ ಜಾಸ್ತಿ ಜನ ಬೇಕಾಗುವುದು ಅದಕ್ಕೆ ಒಂದು ಮುಖ್ಯ ಕಾರಣವಾಗಿ ಅವರಿಗೆ ಕಂಡಿತು. ಆದ್ದರಿಂದ ನಕ್ಷೆ ಬರೆದ ಮೇಲೆ ಮಾಡಬೇಕಾದ ಕೆಲಸ ಒಂದೇ: ನಡುವಿನ ಕೈಗಳನ್ನು ಕಡಿಮೆ ಮಾಡಿ. ತಿಂಗಳಿಗೆ ಒಂದು ಸಲವಾದರೂ ನಿಜವಾಗಿ ಬಳಸುವ ವ್ಯಕ್ತಿಯ ಜೊತೆ ಅರ್ಧ ಗಂಟೆ ಮಾತಾಡಲು ಅನುಮತಿ ಕೇಳಿ. ಅವರು ಸ್ಕ್ರೀನ್ ಶೇರ್ ಮಾಡಿ ಈಗ ಹೇಗೆ ಕೆಲಸ ಮಾಡುತ್ತಾರೆ ಎಂದು ತೋರಿಸಲಿ. ನೀವು ಸುಮ್ನೆ ನೋಡಿ. ಮಾನಿಟರ್‌ಗೆ ಅಂಟಿಸಿದ ಹಳದಿ ಚೀಟಿ, ಪಕ್ಕದಲ್ಲಿ ತೆರೆದಿಟ್ಟ ಎಕ್ಸೆಲ್ ಶೀಟ್, ಇವೇ ಯಾವ ಕಾಗದದಲ್ಲೂ ಬಾರದ ರಿಕ್ವೈರ್‌ಮೆಂಟ್‌ಗಳು.

ಪ್ರತಿ ವಿಷಯಕ್ಕೂ ತೀರ್ಮಾನ ಹೇಳುವ ಒಬ್ಬರ ಹೆಸರು ನಕ್ಷೆಯಲ್ಲಿ ಇರಲೇಬೇಕು. ಒಂದೇ ವಿಷಯಕ್ಕೆ ಇಬ್ಬರ ಹೆಸರಿದ್ದರೆ ಅದೇ ನಿಮ್ಮ ಮೊದಲ ರಿಸ್ಕ್.

ಹೆಜ್ಜೆ 2: ಪದಗಳ ಪಟ್ಟಿ

ಹಿಂದಿಯವರ ಜೊತೆ ಕೆಲಸ ಮಾಡುವ ಕನ್ನಡಿಗರಿಗೆ ಈ ಅಪಾಯ ಬೇಗ ಅರ್ಥವಾಗುತ್ತದೆ. ನಮಗೆ 'ಅನುಮಾನ' ಅಂದರೆ ಸಂಶಯ. ಹಿಂದಿಯಲ್ಲಿ ಅದೇ ಪದ ಅಂದಾಜು, ಎಸ್ಟಿಮೇಟ್. ನಮಗೆ 'ಅವಕಾಶ' ಅಂದರೆ ಚಾನ್ಸ್, ಹಿಂದಿಯವರಿಗೆ ರಜೆ. ಪದ ಒಂದೇ, ಉಚ್ಚಾರವೂ ಹೆಚ್ಚುಕಡಿಮೆ ಒಂದೇ. ಅದಕ್ಕೇ ಯಾರೂ ನಿಂತು ಕೇಳುವುದಿಲ್ಲ. ಗೊತ್ತಿಲ್ಲದ ಪದ ಬಂದರೆ ಹುಡುಕುತ್ತೇವೆ. ಗೊತ್ತಿದೆ ಅಂದುಕೊಂಡ ಪದವೇ ಕೈ ಕೊಡುವುದು.

ಇಂಗ್ಲಿಷ್‌ನಲ್ಲೂ ಹಾಗೇ. ಮೀಟಿಂಗ್‌ನಲ್ಲಿ ಒಂದು ವಿಷಯವನ್ನು 'ಟೇಬಲ್' ಮಾಡೋಣ ಅಂದರೆ ಬ್ರಿಟನ್‌ನವರಿಗೆ ಈಗ ಚರ್ಚೆಗೆ ತೆಗೆದುಕೊಳ್ಳೋಣ ಅಂತ. ಅಮೆರಿಕದವರಿಗೆ ಈಗ ಬೇಡ, ಬದಿಗಿಡೋಣ ಅಂತ. ನಾವು 'ಐ ಹ್ಯಾವ್ ಎ ಡೌಟ್' ಅಂದರೆ ಒಂದು ಪ್ರಶ್ನೆ ಇದೆ ಎಂದಷ್ಟೇ ಅರ್ಥ. ಕೇಳುವ ಅಮೆರಿಕದವರಿಗೆ ನಮಗೆ ಅವರ ಮಾತಿನ ಮೇಲೆ ನಂಬಿಕೆ ಇಲ್ಲ ಅನಿಸಬಹುದು. 'ಕ್ವೆಶ್ಚನ್' ಅನ್ನಿ, ಸಾಕು.

ಪದಪಟ್ಟಿ ಮಾಡುವಾಗ ತಾಂತ್ರಿಕ ಪದಗಳಿಂದ ಶುರು ಮಾಡಬೇಡಿ. ದಿನಬಳಕೆಯ ಪದಗಳಿಂದ ಶುರು ಮಾಡಿ: ಗ್ರಾಹಕ, ಆರ್ಡರ್, ದಿನ, ವಾರ, ತಿಂಗಳ ಕೊನೆ, ರದ್ದು, ಡೆಲಿವರಿ. ಪ್ರತಿ ಪದಕ್ಕೂ ನಾಲ್ಕು ವಿಷಯ ಬರೆಯಿರಿ. ಮೂಲ ಭಾಷೆಯ ಪದ ಯಾವುದು, ಅರ್ಥ ಏನು, ಯಾವುದು ಅದರಲ್ಲಿ ಸೇರುವುದಿಲ್ಲ, ಅರ್ಥವನ್ನು ಒಪ್ಪಿದವರು ಯಾರು. ಮೂರನೆಯದು ಬಹಳ ಮುಖ್ಯ. 'ವೆರ್ಕ್‌ಟಾಗ್: ಭಾನುವಾರ ಸೇರುವುದಿಲ್ಲ, ಗೋದಾಮು ಇರುವ ರಾಜ್ಯದ ಸರ್ಕಾರಿ ರಜೆ ಸೇರುವುದಿಲ್ಲ' ಎಂದು ಬರೆಯಲು ಹೊರಟಿದ್ದರೆ ಶನಿವಾರದ ಪ್ರಶ್ನೆ ತಾನಾಗಿಯೇ ಮೇಲೆ ಬರುತ್ತಿತ್ತು.

ದಿನಾಂಕ, ಅಂಕಿ, ಹೆಸರು, ಈ ಮೂರನ್ನು ಪ್ರತ್ಯೇಕವಾಗಿ ಕೇಳಿ. 04/05 ಎಂದರೆ ನಮಗೆ ಮೇ 4, ಅಮೆರಿಕಕ್ಕೆ ಏಪ್ರಿಲ್ 5. ದಾಖಲೆಗಳಲ್ಲಿ ವರ್ಷ, ತಿಂಗಳು, ದಿನ ಎಂಬ ಐಎಸ್‌ಒ 8601 ಕ್ರಮ ಬಳಸಿದರೆ ಈ ಗಲಾಟೆಯೇ ಇಲ್ಲ. ಜರ್ಮನಿಯಲ್ಲಿ 1.234,56 ಎಂದು ಬರೆದದ್ದು ನಮ್ಮ 1,234.56. ನಮ್ಮ ಲಕ್ಷ, ಕೋಟಿಯ ಅಲ್ಪವಿರಾಮ ಅವರಿಗೆ ಅಪರಿಚಿತ. ನಮ್ಮ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್, ಹಾಗಾಗಿ 'ಮೊದಲ ಕ್ವಾರ್ಟರ್' ಯಾರದ್ದು ಎಂದು ಕೇಳಲೇಬೇಕು. ಜರ್ಮನಿಯವರು ಗಡುವನ್ನು ವಾರದ ಸಂಖ್ಯೆಯಲ್ಲಿ, 23ನೇ ವಾರ, 24ನೇ ವಾರ ಎಂದು ಹೇಳುವುದು ಸಾಮಾನ್ಯ. ಅವರ ವಾರ ಸೋಮವಾರ ಶುರು, ಅಮೆರಿಕದ ಕ್ಯಾಲೆಂಡರ್‌ನಲ್ಲಿ ಭಾನುವಾರ. ಇನ್ನು ಹೆಸರು. ನಮ್ಮಲ್ಲಿ ಇನಿಷಿಯಲ್ ಮಾತ್ರ ಇದ್ದು ಸರ್‌ನೇಮ್ ಇಲ್ಲದವರು ಎಷ್ಟು ಜನ ಇಲ್ಲ? 'ಲಾಸ್ಟ್ ನೇಮ್ ಕಡ್ಡಾಯ' ಎಂಬ ರಿಕ್ವೈರ್‌ಮೆಂಟ್ ಬಂದಾಗ ಬಾಯಿ ಬಿಡಬೇಕಾದವರು ನಾವೇ.

ಹೆಜ್ಜೆ 3: ವಾಕ್ಯವನ್ನು ಟೆಸ್ಟ್ ಮಾಡಲು ಬರುವ ಹಾಗೆ ಬರೆಯಿರಿ

'ಸಿಸ್ಟಮ್ ಬೇಗ ಉತ್ತರಿಸಬೇಕು', 'ಸಾಧ್ಯವಾದಷ್ಟು', 'ಸೂಕ್ತವಾಗಿ', 'ಇತ್ಯಾದಿ'. ಇಂಥ ಪದ ಕಂಡಲ್ಲೆಲ್ಲ ಕೆಂಪು ಗುರುತು ಹಾಕಿ. ಒಂದೇ ರೂಮಿನಲ್ಲಿ ಕೂತ ತಂಡಕ್ಕೆ ಇವು ನಡೆಯುತ್ತವೆ, ಯಾಕೆಂದರೆ ತಲೆ ಎತ್ತಿ ಕೇಳಿದರೆ ಮುಗಿಯಿತು. ಆರು ಸಾವಿರ ಕಿಲೋಮೀಟರ್ ದೂರದಲ್ಲಿ ಪ್ರತಿಯೊಬ್ಬರೂ ಆ ಖಾಲಿ ಜಾಗವನ್ನು ತಮ್ಮ ಊಹೆಯಿಂದ ತುಂಬುತ್ತಾರೆ.

ವಾಕ್ಯ ಕಟ್ಟಲು ನನಗೆ ಹಿಡಿಸಿದ್ದು 'ಇಯರ್ಸ್' (EARS) ಎಂಬ ಪದ್ಧತಿ. ರೋಲ್ಸ್ ರಾಯ್ಸ್‌ನಲ್ಲಿ ಅಲಿಸ್ಟೇರ್ ಮಾವಿನ್ ಮತ್ತು ಸಂಗಡಿಗರು ರೂಪಿಸಿ 2009ರಲ್ಲಿ ಪ್ರಕಟಿಸಿದ್ದು. ಅದರ ಅಚ್ಚುಗಳು ಬಹಳ ಸರಳ. ಯಾವಾಗಲೂ ಇರಬೇಕಾದದ್ದು ಒಂದು. 'ಇದು ನಡೆದಾಗ' ಎಂಬುದು ಒಂದು. 'ಈ ಸ್ಥಿತಿ ಇರುವವರೆಗೆ' ಎಂಬುದು ಇನ್ನೊಂದು. 'ಬೇಡದ್ದು ಆದರೆ' ಎಂಬುದು ಮತ್ತೊಂದು. 'ಈ ಸೌಲಭ್ಯ ಇದ್ದಲ್ಲಿ' ಎಂಬುದು ಕೊನೆಯದು. ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ ಇದು ದೊಡ್ಡ ಅನುಕೂಲ. ವಾಕ್ಯದ ಚೌಕಟ್ಟು ಮೊದಲೇ ಗೊತ್ತಿರುವುದರಿಂದ ಗಮನ ವಿಷಯದ ಮೇಲೆ ಇರುತ್ತದೆ.

ಇದರ ಜೊತೆ ಒತ್ತು ಎಷ್ಟು ಎಂಬುದನ್ನೂ ಮೊದಲೇ ಒಪ್ಪಿಕೊಳ್ಳಿ. ಇಂಟರ್‌ನೆಟ್ ಮಾನದಂಡ ಬರೆಯುವವರು 1997ರಲ್ಲಿ ಆರ್‌ಎಫ್‌ಸಿ 2119 ಎಂಬ ಪುಟ್ಟ ದಾಖಲೆಯಲ್ಲಿ ಇದನ್ನು ಮಾಡಿದರು. 'ಮಸ್ಟ್' ಅಂದರೆ ಮಾಡಲೇಬೇಕು. 'ಶುಡ್' ಅಂದರೆ ಬಲವಾದ ಕಾರಣ ಇದ್ದರೆ ಮಾತ್ರ ಬಿಡಬಹುದು. 'ಮೇ' ಅಂದರೆ ನಿಮ್ಮಿಷ್ಟ. ಕ್ಲೈಂಟ್ ಮೇಲ್‌ನಲ್ಲಿ ಸೌಜನ್ಯಕ್ಕೆ 'ಇಟ್ ವುಡ್ ಬಿ ನೈಸ್' ಎಂದು ಬರೆದದ್ದು ಯಾವ ಗುಂಪಿಗೆ ಸೇರುತ್ತದೆ? ನೀವು ತೀರ್ಮಾನಿಸಬೇಡಿ, ಕೇಳಿ.

ನಮ್ಮ ಹಳೆಯ ವಾಕ್ಯವನ್ನು ಈಗ ಹೀಗೆ ಬರೆಯುತ್ತೇನೆ: 'ಆರ್ಡರ್ ಖಚಿತವಾದಾಗ, ಮರುದಿನದಿಂದ ಎಣಿಸಿ ಮೂರನೇ ವೆರ್ಕ್‌ಟಾಗ್‌ನ 18:00 ಗಂಟೆಯನ್ನು ಸಿಸ್ಟಮ್ ಗಡುವಾಗಿ ತೋರಿಸಲೇಬೇಕು. ಸಮಯ ಗೋದಾಮು ಇರುವ ಊರಿನದ್ದು.' ಇಷ್ಟಕ್ಕೆ ನಿಲ್ಲಿಸಬೇಡಿ, ಕೆಳಗೆ ಉದಾಹರಣೆ ಕೊಡಿ, ನಿಜವಾದ ದಿನಾಂಕದ ಜೊತೆ. 2025ರ ಅಕ್ಟೋಬರ್ 28, ಮಂಗಳವಾರ ಆರ್ಡರ್ ಬಂತು ಅನ್ನಿ. ಗೋದಾಮು ಮ್ಯೂನಿಕ್‌ನಲ್ಲಿದ್ದರೆ ಗಡುವು ಅಕ್ಟೋಬರ್ 31, ಶುಕ್ರವಾರ. ಹ್ಯಾಂಬರ್ಗ್‌ನಲ್ಲಿದ್ದರೆ ನವೆಂಬರ್ 1, ಶನಿವಾರ. ಯಾಕೆ? ಅಕ್ಟೋಬರ್ 31 ಹ್ಯಾಂಬರ್ಗ್‌ನಲ್ಲಿ ಸರ್ಕಾರಿ ರಜೆ, ಮ್ಯೂನಿಕ್ ಇರುವ ಬವೇರಿಯಾದಲ್ಲಿ ಅಲ್ಲ. ಬವೇರಿಯಾಕ್ಕೆ ರಜೆ ಇರುವುದು ನವೆಂಬರ್ 1ಕ್ಕೆ. ಈ ಎರಡು ಸಾಲಿನ ಉದಾಹರಣೆ ಕಳಿಸಿದರೆ ಕ್ಲೈಂಟ್ ಒಂದು ನಿಮಿಷದಲ್ಲಿ ಸರಿ ಅಥವಾ ತಪ್ಪು ಹೇಳುತ್ತಾರೆ. ಹತ್ತು ಪುಟದ ವಿವರಣೆ ಕಳಿಸಿದರೆ ಮೇಲಿಂದ ಮೇಲೆ ಓದಿ ಸೈನ್-ಆಫ್, ಅಂದರೆ ಅಂತಿಮ ಒಪ್ಪಿಗೆ, ಕೊಡುತ್ತಾರೆ.

ಉದಾಹರಣೆ ಆರಿಸುವಾಗ ಸುಲಭದ್ದನ್ನು ಆರಿಸಬೇಡಿ. ಅಂಚಿನದ್ದು ಬೇಕು. ವರ್ಷದ ಕೊನೆ, ಸೊನ್ನೆ ರೂಪಾಯಿ ಬಿಲ್, ಅರ್ಧ ರದ್ದಾದ ಆರ್ಡರ್, ರಜೆಯ ಹಿಂದಿನ ದಿನ. ಕುಕುಂಬರ್‌ನಂಥ ಟೂಲ್ ಇದ್ದರೆ ಈ ಉದಾಹರಣೆಗಳನ್ನೇ ಟೆಸ್ಟ್ ಆಗಿ ಓಡಿಸಬಹುದು. ಉದಾಹರಣೆ ಬರೆಯಲು ಅದು ಬಳಸುವ ಗರ್ಕಿನ್ ಭಾಷೆಗೆ ಕನ್ನಡದ ಕೀವರ್ಡ್‌ಗಳೂ ಇವೆ ಎಂದು ತಿಳಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಹೆಜ್ಜೆ 4: ಕೇಳಿದ್ದನ್ನು ತಿರುಗಿ ಹೇಳಿ

ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟುತ್ತಿದ್ದೆವಲ್ವಾ? ಆ 'ಹೂಂ'ಗೆ ಒಪ್ಪಿದೆ ಎಂದು ಅರ್ಥವಿಲ್ಲ, ಕೇಳಿಸುತ್ತಿದೆ, ಮುಂದೆ ಹೇಳು ಎಂದು ಅರ್ಥ. ಕಾಲ್‌ನಲ್ಲಿ ನಾವು ಹೇಳುವ 'ಓಕೆ, ಓಕೆ', 'ಯೆಸ್, ಯೆಸ್' ಎಲ್ಲ ಆ ಹೂಂ. ಆದರೆ ಆ ಕಡೆ ಕೂತವರು ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳುತ್ತಾರೆ. ನಮ್ಮ ತಲೆಯಾಡಿಸುವಿಕೆಯಂತೂ ಕ್ಯಾಮೆರಾದಲ್ಲಿ ಹೌದೋ ಅಲ್ಲವೋ ಯಾರಿಗೂ ತಿಳಿಯುವುದಿಲ್ಲ.

ಇನ್ನೊಂದು ವಿಷಯ ನೇರವಾಗಿ ಹೇಳಬೇಕು. ದೊಡ್ಡವರ ಮುಂದೆ, ಅದರಲ್ಲೂ ಕ್ಲೈಂಟ್ ಮುಂದೆ, ಅರ್ಥವಾಗಲಿಲ್ಲ ಅನ್ನಲು ನಮ್ಮ ಹುಡುಗರಿಗೆ ಅಂಜಿಕೆ. ಕಲಬುರಗಿ, ವಿಜಯಪುರ, ರಾಯಚೂರು ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್‌ನ ಅಳುಕು ಬೇರೆ. ಪ್ರಶ್ನೆ ಅವರ ತಲೆಯಲ್ಲಿ ಇರುತ್ತದೆ, ಬಾಯಿಗೆ ಬರುವುದಿಲ್ಲ. ಇದು ಅವರ ಕೊರತೆ ಎಂದು ನಾನು ಒಪ್ಪುವುದಿಲ್ಲ. ಅವರು ಕೇಳಲು ಜಾಗ ಮಾಡಿಕೊಡುವುದು ಲೀಡ್ ಆದವರ ಕೆಲಸ.

ನಾವು ಮಾಡುವುದು ಹೀಗೆ. ಕ್ಲೈಂಟ್ ಒಂದು ವಿಷಯ ವಿವರಿಸಿದ 24 ಗಂಟೆಯೊಳಗೆ ನಮ್ಮ ಡೆವಲಪರ್, ನಾನಲ್ಲ, ಡೆವಲಪರ್, ಅದನ್ನು ತನ್ನ ಮಾತಿನಲ್ಲಿ ತಿರುಗಿ ವಿವರಿಸುತ್ತಾರೆ. ಹತ್ತು ನಿಮಿಷ, ಒಂದೆರಡು ಚಿತ್ರ, ಎರಡು ಉದಾಹರಣೆ. ಕ್ಲೈಂಟ್‌ನ ವಾಕ್ಯವನ್ನು ಹಾಗೇ ಓದುವಂತಿಲ್ಲ. ಆಮೇಲೆ 'ಅರ್ಥವಾಯಿತಾ' ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಅದಕ್ಕೆ ಬರುವ ಉತ್ತರ ಯಾವಾಗಲೂ ಹೌದು. ಬದಲಿಗೆ 'ಶುಕ್ರವಾರ ಸಂಜೆ ಏಳಕ್ಕೆ ಆರ್ಡರ್ ಬಂದರೆ ಸಿಸ್ಟಮ್ ಏನು ಮಾಡಬೇಕು' ಎಂದು ಕೇಳುತ್ತೇವೆ.

ಈ ಕಾಲ್‌ಗೆ ಮೊದಲು ಅರ್ಧ ಗಂಟೆ ನಮ್ಮಲ್ಲೇ ಒಂದು ತಯಾರಿ ಇರುತ್ತದೆ. ಅದು ನಮ್ಮ ಭಾಷೆಯಲ್ಲಿ. ಕನ್ನಡದವರು ಕನ್ನಡದಲ್ಲಿ, ಮರಾಠಿಯವರು ಮರಾಠಿಯಲ್ಲಿ ಸಂಶಯ ಹೇಳುತ್ತಾರೆ. ಒಬ್ಬರು ಅದನ್ನು ಇಂಗ್ಲಿಷ್‌ನಲ್ಲಿ ಬರೆದು ಕಾಲ್‌ನಲ್ಲಿ ತಂಡದ ಪ್ರಶ್ನೆಯಾಗಿ ಕೇಳುತ್ತಾರೆ. ಯಾರ ಪ್ರಶ್ನೆ ಎಂದು ಹೇಳುವುದಿಲ್ಲ. ಕೆಲವು ತಿಂಗಳು ಹೀಗೆ ನಡೆದರೆ ಅಂಜುತ್ತಿದ್ದವರು ತಾವೇ ಕೇಳಲು ಶುರು ಮಾಡುತ್ತಾರೆ. ಶನಿವಾರದ ಪ್ರಶ್ನೆ ಕೇಳಿದ ಆ ಹುಡುಗಿ ಈಗ ನಮ್ಮ ಎಲ್ಲ ರಿಕ್ವೈರ್‌ಮೆಂಟ್ ಕಾಲ್‌ಗಳನ್ನೂ ನಡೆಸುತ್ತಾಳೆ.

ಹೆಜ್ಜೆ 5: ಪ್ರಶ್ನೆಗಳ ಖಾತೆ ಮತ್ತು ಗಡಿಯಾರ

ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ ಪ್ರಶ್ನೆಗೂ ಒಂದು ಖಾತೆ ಬೇಕು. ಜಿರಾದಂಥ ಕೆಲಸ ಗುರುತಿಡುವ ಟೂಲ್‌ನಲ್ಲಿ ಇಡಿ, ಎಕ್ಸೆಲ್‌ನಲ್ಲಿ ಇಡಿ, ಚಿಂತೆಯಿಲ್ಲ. ಚಾಟ್‌ನಲ್ಲಿ ಮಾತ್ರ ಬಿಡಬೇಡಿ, ಅಲ್ಲಿ ಅದು ಮೇಲೆ ಉರುಳಿ ಹೋಗುತ್ತದೆ. ಪ್ರತಿ ಪ್ರಶ್ನೆಗೆ ಸಂಖ್ಯೆ, ಕೇಳಿದ ದಿನ, ಉತ್ತರಿಸಬೇಕಾದವರ ಹೆಸರು ಮತ್ತು ಇನ್ನೊಂದು ಕಾಲಂ: ಉತ್ತರ ಬರುವವರೆಗೆ ನಾವು ಏನೆಂದು ಊಹಿಸಿ ಕೆಲಸ ಮುಂದುವರಿಸುತ್ತಿದ್ದೇವೆ. ಈ ಕಾಲಂ ಇದ್ದಿದ್ದರೆ 'ಶನಿವಾರ ಸೇರುವುದಿಲ್ಲ ಎಂದುಕೊಂಡಿದ್ದೇವೆ' ಎಂಬ ಸಾಲು ಎರಡು ತಿಂಗಳು ಮೊದಲೇ ಕ್ಲೈಂಟ್ ಕಣ್ಣಿಗೆ ಬೀಳುತ್ತಿತ್ತು.

ಪ್ರಶ್ನೆಯನ್ನು ಹೌದು ಅಥವಾ ಇಲ್ಲ ಎಂದು ಉತ್ತರಿಸುವ ಹಾಗೆ, ಇಲ್ಲವೇ ಎರಡು ಮೂರು ಆಯ್ಕೆಗಳಲ್ಲಿ ಒಂದನ್ನು ಆರಿಸುವ ಹಾಗೆ ಬರೆಯಿರಿ. ನ್ಯೂಯಾರ್ಕ್ ಕ್ಲೈಂಟ್‌ಗೆ ಬೆಳಿಗ್ಗೆ 11ಕ್ಕೆ ಪ್ರಶ್ನೆ ಕಳಿಸಿದರೆ ಅವರು ನೋಡುವುದು ನಮ್ಮ ಸಂಜೆ 6:30ಕ್ಕೆ, ಅವರ ಚಳಿಗಾಲದಲ್ಲಿ 7:30ಕ್ಕೆ. ಉತ್ತರ ರಾತ್ರಿ ಬರುತ್ತದೆ, ನಾವು ಓದುವುದು ಮರುದಿನ. 'ಸ್ವಲ್ಪ ಬಿಡಿಸಿ ಹೇಳಿ' ಎಂದು ಬಂದಿದ್ದರೆ ಇನ್ನೊಂದು ದಿನ ಹೋಯಿತು. ಶುಕ್ರವಾರ ಕೇಳಿದ್ದಕ್ಕೆ ಸೋಮವಾರ. ಒಂದು ಅರ್ಧಂಬರ್ಧ ಪ್ರಶ್ನೆ ಒಂದು ವಾರ ತಿಂದುಬಿಡುತ್ತದೆ.

ನಮ್ಮ ಗಡಿಯಾರ ವರ್ಷವಿಡೀ ಬದಲಾಗುವುದಿಲ್ಲ, ಅವರದ್ದು ಬದಲಾಗುತ್ತದೆ. ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಗಂಟೆ ಮುಂದಿಡುತ್ತದೆ, ಯುರೋಪ್ ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಮೂರು ಕಡೆಯ ಮೀಟಿಂಗ್ ಸಮಯ ಕಲಸಿಹೋಗುತ್ತದೆ. ಯುರೋಪ್ ಅಕ್ಟೋಬರ್ ಕೊನೆಯ ಭಾನುವಾರ, ಅಮೆರಿಕ ನವೆಂಬರ್ ಮೊದಲ ಭಾನುವಾರ ಮತ್ತೆ ಹಿಂದಿಡುತ್ತವೆ. ಈ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಮೊದಲೇ ಹಾಕಿ. 'ಇಒಡಿ' (ಎಂಡ್ ಆಫ್ ಡೇ) ಎಂದು ಬರೆಯುವುದನ್ನು ನಿಲ್ಲಿಸಿ, ಯಾರ ದಿನದ ಕೊನೆ ಅದು?

ರಜೆಗಳನ್ನೂ ಒಂದೇ ಕ್ಯಾಲೆಂಡರ್‌ಗೆ ತನ್ನಿ. ಗಣೇಶ ವಿಸರ್ಜನೆಯ ದಿನ ಪುಣೆಯ ಪೇಟೆ ರಸ್ತೆಗಳು ಬಂದ್ ಆಗಿರುತ್ತವೆ, ಮೆರವಣಿಗೆ ಮರುದಿನದವರೆಗೂ ನಡೆಯುತ್ತದೆ. ಇದು ಕ್ಲೈಂಟ್‌ಗೆ ಹೇಗೆ ಗೊತ್ತಾಗಬೇಕು? ಅವರಲ್ಲೂ ಅಷ್ಟೇ. ನವೆಂಬರ್ ನಾಲ್ಕನೇ ಗುರುವಾರ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್, ಆಗಸ್ಟ್‌ನಲ್ಲಿ ಯುರೋಪ್‌ನ ಅರ್ಧ ಜನ ರಜೆಯಲ್ಲಿ. ಸೈನ್-ಆಫ್ ಆ ವಾರಗಳಿಗೆ ಬೀಳದ ಹಾಗೆ ನೋಡಿಕೊಳ್ಳಿ.

ಸಂಜೆ 4ರಿಂದ 6 ನಮಗೂ ಜರ್ಮನಿಗೂ ಆರಾಮದ ಸಮಯ. ಆ ಎರಡು ಗಂಟೆಯಲ್ಲಿ ಸ್ಟೇಟಸ್ ಮೀಟಿಂಗ್ ಇಡಬೇಡಿ. ಸ್ಟೇಟಸ್ ಬರೆದು ಕಳಿಸಬಹುದು. ಆ ಹೊತ್ತನ್ನು ಪ್ರಶ್ನೆಗೆ ಮೀಸಲಿಡಿ.

ಹೆಜ್ಜೆ 6: ರಿಸ್ಕ್ ಪಟ್ಟಿ, ಚಿಕ್ಕದಾಗಿ

ಸಾಫ್ಟ್‌ವೇರ್ ತಜ್ಞ ಬ್ಯಾರಿ ಬೋಹ್ಮ್ ಜನಪ್ರಿಯಗೊಳಿಸಿದ ಲೆಕ್ಕ ಇಷ್ಟೇ: ಆಗುವ ಸಾಧ್ಯತೆಯನ್ನು ಆದರೆ ಆಗುವ ನಷ್ಟದಿಂದ ಗುಣಿಸಿ. ಲೋಗೋ ಬದಲಾಗುವ ಸಾಧ್ಯತೆ 80%, ಸರಿಪಡಿಸಲು ಒಬ್ಬರ ಒಂದು ದಿನ. ಗುಣಿಸಿದರೆ 0.8. ತೆರಿಗೆ ನಿಯಮ ಯಾರೂ ಖಚಿತಪಡಿಸಿಲ್ಲ, ತಪ್ಪಾಗಿರುವ ಸಾಧ್ಯತೆ 40%, ಸರಿಪಡಿಸಲು 15 ದಿನ. ಗುಣಿಸಿದರೆ 6. ಈಗ ಯಾವುದಕ್ಕೆ ಮೊದಲು ಫೋನ್ ಮಾಡಬೇಕು ಎಂದು ಬೇರೆ ಹೇಳಬೇಕಾಗಿಲ್ಲ. ಅಂಕಿ ಅಂದಾಜಿನದ್ದಾದರೂ ಪರವಾಗಿಲ್ಲ, ಎರಡೂ ಊರಿನವರು ಕೂತು ಅಂದಾಜು ಮಾಡುವುದೇ ಲಾಭ. ಕ್ಲೈಂಟ್ 10% ಅಂದದ್ದಕ್ಕೆ ನೀವು 60% ಅಂದರೆ ಅಲ್ಲೇನೋ ಹೇಳದೇ ಉಳಿದಿದೆ.

ಪಟ್ಟಿಯಲ್ಲಿ ಹತ್ತಕ್ಕಿಂತ ಜಾಸ್ತಿ ಬೇಡ. ವಾರಕ್ಕೊಮ್ಮೆ ನೋಡಿ. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ದಿನಾಂಕ.

ಹೆಜ್ಜೆ 7: ಎರಡು ತಂಡ ಕೂಡುವ ಜಾಗದಲ್ಲಿ ನಿಂತು ನೋಡಿ

1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ತಲುಪುವ ಹೊತ್ತಿಗೆ ಕಳೆದುಹೋಯಿತು. ಬಾಹ್ಯಾಕಾಶ ನೌಕೆ ಮಾಡಿದ್ದು ಕೊಲರಾಡೋದಲ್ಲಿದ್ದ ಲಾಕ್‌ಹೀಡ್ ಮಾರ್ಟಿನ್ ತಂಡ. ಅದರ ದಾರಿ ಲೆಕ್ಕ ಹಾಕುತ್ತಿದ್ದದ್ದು ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ. ಒಂದು ತಂಡದ ಸಾಫ್ಟ್‌ವೇರ್ ಅಂಕಿಗಳನ್ನು ಪೌಂಡ್-ಫೋರ್ಸ್ ಸೆಕೆಂಡ್‌ನಲ್ಲಿ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್ ಸೆಕೆಂಡ್ ಎಂದು ಓದಿತು. ಒಂದಕ್ಕೂ ಇನ್ನೊಂದಕ್ಕೂ 4.45 ಪಟ್ಟು ವ್ಯತ್ಯಾಸ. ಸುಮಾರು 226 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗಬೇಕಿದ್ದ ನೌಕೆ ಸುಮಾರು 57 ಕಿಲೋಮೀಟರ್‌ಗೆ ಇಳಿದುಬಿಟ್ಟಿತ್ತು.

ಈ ಕಥೆಯನ್ನು ಎಲ್ಲರೂ ಯೂನಿಟ್ ಗೊಂದಲ ಎಂದು ಹೇಳಿ ಮುಗಿಸುತ್ತಾರೆ. ನನಗೆ ಅದರಲ್ಲಿ ಕಾಣುವುದು ಬೇರೆ ಎರಡು ವಿಷಯ. ಮೆಟ್ರಿಕ್ ಬಳಸಬೇಕು ಎಂದು ಇಂಟರ್‌ಫೇಸ್ ದಾಖಲೆಯಲ್ಲಿ ಬರೆದೇ ಇತ್ತು. ರಿಕ್ವೈರ್‌ಮೆಂಟ್ ಸರಿಯಿತ್ತು, ಅದನ್ನು ಪಾಲಿಸಿದ್ದಾರಾ ಎಂದು ಎರಡೂ ಕಡೆ ಸೇರಿ ಟೆಸ್ಟ್ ಮಾಡಿರಲಿಲ್ಲ. ಎರಡನೆಯದು, ಲೆಕ್ಕ ಎಲ್ಲೋ ಸರಿಹೋಗುತ್ತಿಲ್ಲ ಎಂಬ ಸಂಶಯ ದಾರಿ ನೋಡುತ್ತಿದ್ದವರಿಗೆ ಮೊದಲೇ ಬಂದಿತ್ತು. ಅದು ಸರಿಯಾದ ದಾರಿಯಲ್ಲಿ ದಾಖಲಾಗಲಿಲ್ಲ ಎಂದು ತನಿಖಾ ಮಂಡಳಿ ಗುರುತಿಸಿತು. ಓದಿದಾಗ ನನಗೆ ನಮ್ಮ ಚಹಾದಂಗಡಿ ನೆನಪಾಯಿತು.

ಹಾಗಾಗಿ ಎರಡು ತಂಡದ ಕೆಲಸ ಕೂಡುವ ಪ್ರತಿ ಜಾಗಕ್ಕೂ ಒಂದು ಪುಟದ ಒಪ್ಪಂದ ಬರೆಯಿರಿ. ಪ್ರತಿ ಅಂಕಿಯ ಯೂನಿಟ್, ಕರೆನ್ಸಿ, ಟೈಮ್ ಝೋನ್, ಖಾಲಿ ಬಂದರೆ ಏನು, ತಡವಾಗಿ ಬಂದರೆ ಏನು. ಆಮೇಲೆ ಮೊದಲ ಎರಡು ವಾರದಲ್ಲೇ ಒಂದು ನಿಜವಾದ ದಾಖಲೆ ಆ ಕಡೆಯಿಂದ ಈ ಕಡೆಗೆ ಹಾದುಬರಲಿ. ಉಳಿದ ಏನೂ ಸಿದ್ಧವಿಲ್ಲದಿದ್ದರೂ ಸರಿ. ಸಾಧ್ಯವಾದರೆ ಒಂದು ಫೀಚರ್ ಪೂರ್ತಿ ಒಂದೇ ಊರಿನಲ್ಲಿ ಇರುವ ಹಾಗೆ ಕೆಲಸ ಹಂಚಿ. ಸ್ಕ್ರೀನ್ ಪುಣೆಗೆ, ಡೇಟಾಬೇಸ್ ಇನ್ನೊಂದು ದೇಶಕ್ಕೆ ಎಂದು ಹಂಚಿದರೆ ಪ್ರತಿ ಬದಲಾವಣೆಗೂ ಎರಡು ದೇಶ ಎಚ್ಚರವಾಗಿರಬೇಕು.

ಹೆಜ್ಜೆ 8: ಬದಲಾವಣೆ ಬಂದೇ ಬರುತ್ತದೆ

ಬದಲಾವಣೆ ತಪ್ಪಲ್ಲ. ಎಲ್ಲಿಂದಲೋ ಬಂದು ಯಾರಿಗೂ ತಿಳಿಯದೆ ಸೇರಿಕೊಳ್ಳುವುದು ತಪ್ಪು. ಕ್ಲೈಂಟ್ ನಮ್ಮ ಡೆವಲಪರ್‌ಗೆ ಚಾಟ್‌ನಲ್ಲಿ 'ಈ ಬಟನ್ ಇಲ್ಲಿ ಬರಲಿ' ಅಂದರು, ಇವನು ಮಾಡಿಕೊಟ್ಟ. ಸಂಬಂಧ ಚೆನ್ನಾಗಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ. ಟೆಸ್ಟರ್‌ಗೆ ಹಳೆಯ ದಾಖಲೆ, ಇನ್ನೊಂದು ಊರಿನ ತಂಡಕ್ಕೆ ಅದೂ ಇಲ್ಲ.

ನಿಯಮ ಒಂದೇ ಇರಲಿ: ಬಾಯಿಮಾತಿನ ಬದಲಾವಣೆಗೆ ಸಂತೋಷದಿಂದ ಹೂಂ ಅನ್ನಿ, ಆದರೆ ಅದನ್ನು ಬರೆದಿಟ್ಟು ಅದಕ್ಕೊಂದು ಸಂಖ್ಯೆ ಬೀಳುವವರೆಗೆ ಕೋಡ್ ಮುಟ್ಟಬೇಡಿ. ಸಂಖ್ಯೆ ಬಿದ್ದ ಮೇಲೆ ಯಾವ ರಿಕ್ವೈರ್‌ಮೆಂಟ್, ಯಾವ ಟೆಸ್ಟ್, ಯಾವ ತಂಡ ಇದರಿಂದ ಅಲುಗುತ್ತದೆ ಎಂದು ನೋಡಿ. ಅದಕ್ಕೆ ಪ್ರತಿ ರಿಕ್ವೈರ್‌ಮೆಂಟ್‌ನ ಸಂಖ್ಯೆ ಅದರ ಟೆಸ್ಟ್‌ನಲ್ಲೂ ಕೋಡ್ ಕಮಿಟ್‌ನಲ್ಲೂ (ಕೋಡ್ ಬದಲಾವಣೆಯ ದಾಖಲೆ) ಇರಬೇಕು. ದಾಖಲೆಯ ಒಂದೇ ಪ್ರತಿ ಇರಲಿ, ಎಲ್ಲರೂ ನೋಡುವ ಜಾಗದಲ್ಲಿ. ಮೇಲ್‌ಗೆ ಅಂಟಿಸಿ ಕಳಿಸಿದ 'ಫೈನಲ್ 3' ಎಂಬ ಫೈಲ್ ಸಾಕಷ್ಟು ಪ್ರಾಜೆಕ್ಟ್‌ಗಳನ್ನು ಮುಳುಗಿಸಿದೆ.

ಹೆಜ್ಜೆ 9: ಕಾನೂನನ್ನು ಕೊನೆಗೆ ಇಡಬೇಡಿ

2018ರ ಮೇ 25ರಿಂದ ಯುರೋಪ್‌ನಲ್ಲಿ ಜಿಡಿಪಿಆರ್ ಎಂಬ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಜಾರಿಯಲ್ಲಿದೆ. ಅಲ್ಲಿನ ಗ್ರಾಹಕರ ನಿಜವಾದ ಮಾಹಿತಿಯನ್ನು ಪುಣೆಯಲ್ಲಿ ಕೂತು ಸ್ಕ್ರೀನ್‌ನಲ್ಲಿ ನೋಡುವುದೂ ಮಾಹಿತಿಯನ್ನು ಹೊರದೇಶಕ್ಕೆ ಕಳಿಸಿದಂತೆ. ಅದಕ್ಕೆ ಕರಾರು ಬೇಕು. 'ಪ್ರೊಡಕ್ಷನ್ ಡೇಟಾ (ಬಳಕೆಯಲ್ಲಿರುವ ನಿಜವಾದ ಮಾಹಿತಿ) ಕಾಪಿ ಮಾಡಿ ಟೆಸ್ಟ್ ಮಾಡೋಣ' ಎಂದು ಕೊನೆಯ ವಾರ ಹೊರಟರೆ ಅಲ್ಲೇ ನಿಲ್ಲುತ್ತದೆ. ಟೆಸ್ಟ್ ಡೇಟಾ ಎಲ್ಲಿಂದ ಬರುತ್ತದೆ, ಯಾರು ಏನನ್ನು ನೋಡಬಹುದು, ಎಷ್ಟು ದಿನ ಇಡಬಹುದು, ಇವೆಲ್ಲ ಮೊದಲ ತಿಂಗಳ ಪ್ರಶ್ನೆಗಳು. ನಮ್ಮ ದೇಶದಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ಬಂದಿದೆ.

ಹೆಜ್ಜೆ 10: ಜನ ಬಿಟ್ಟುಹೋದಾಗ

ಪುಣೆಯಲ್ಲಿ ಕೆಲಸ ಬದಲಿಸುವುದು ದೊಡ್ಡ ವಿಷಯವಲ್ಲ. ಹಿಂಜವಡಿಯಿಂದ ಖರಾಡಿಗೆ, ಖರಾಡಿಯಿಂದ ಮಗರಪಟ್ಟಾಕ್ಕೆ, ಊರಿನ ಕಡೆ ಹೋಗಬೇಕು ಅನಿಸಿದರೆ ಬೆಂಗಳೂರಿಗೆ. ಮೂರು ತಿಂಗಳ ನೋಟಿಸ್ ಪೀರಿಯಡ್ ಇದ್ದರೂ ಹ್ಯಾಂಡೋವರ್ ನಡೆಯುವುದು ಕೊನೆಯ ನಾಲ್ಕು ದಿನದಲ್ಲಿ. ಆ ಕಡೆ ಪ್ರಾಡಕ್ಟ್ ಓನರ್ ಬದಲಾದರೆ ಇನ್ನೂ ಕಷ್ಟ, ಅವರು ಬಾಯಲ್ಲಿ ಒಪ್ಪಿದ್ದೆಲ್ಲ ಅವರ ಜೊತೆಗೇ ಹೋಗುತ್ತದೆ. ಅವರು ಹೋಗುವ ಸುದ್ದಿ ಬಂದ ದಿನವೇ ಪ್ರಶ್ನೆಗಳ ಖಾತೆಯಲ್ಲಿ ಅವರ ಹೆಸರಿನ ಮುಂದೆ ಇರುವುದನ್ನೆಲ್ಲ ತೆಗೆದು ಉತ್ತರ ಬರೆಸಿಕೊಳ್ಳಿ. ಬಾಯಲ್ಲಿ ಒಪ್ಪಿದ್ದನ್ನು ನೀವೇ ಬರೆದು ಕಳಿಸಿ, 'ಹೌದು' ಎಂಬ ಒಂದು ಸಾಲಿನ ಮೇಲ್ ಪಡೆಯಿರಿ.

ಹೊಸಬರು ಬಂದಾಗ ಅವರಿಗೆ ದಾಖಲೆ ಕೊಟ್ಟು ಓದು ಎಂದು ಬಿಡಬೇಡಿ. ಮೊದಲ ವಾರದ ಕೆಲಸವೇ ಪ್ರಶ್ನೆ ಹುಡುಕುವುದು ಎಂದು ಹೇಳಿ. ನಾವು ರೂಢಿಯಿಂದ ದಾಟಿಕೊಂಡು ಹೋಗುವ ಜಾಗದಲ್ಲಿ ಅವರು ಎಡವುತ್ತಾರೆ, ನಮಗೆ ಬೇಕಾದದ್ದು ಅದೇ. ಕಳೆದ ತಿಂಗಳು ನಮ್ಮಲ್ಲಿ ಸೇರಿದ ಗದಗಿನ ಹುಡುಗ ಶುಕ್ರವಾರ ಸಂಜೆ 14 ಪ್ರಶ್ನೆ ಬರೆದುಕೊಂಡು ಚಹಾಕ್ಕೆ ಬಂದ. ಹನ್ನೊಂದಕ್ಕೆ ಉತ್ತರ ಪದಪಟ್ಟಿಯಲ್ಲಿ ಇತ್ತು. ಮೂರಕ್ಕೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗ್ಲಾಸು ಕೆಳಗಿಟ್ಟು ಅಲ್ಲೇ ಫೋನ್‌ನಲ್ಲಿ ಮೂರನ್ನೂ ಖಾತೆಗೆ ಸೇರಿಸಿದೆವು. ಎರಡಕ್ಕೆ ಸೋಮವಾರ ಉತ್ತರ ಬಂತು. ವಾಪಸ್ ಬಂದ ಸರಕಿಗೆ ದಿನದ ಎಣಿಕೆ ಪಾರ್ಸೆಲ್ ಗೇಟಿಗೆ ಬಂದಾಗ ಶುರುವೋ, ಬಿಚ್ಚಿ ನೋಡಿದಾಗ ಶುರುವೋ ಎಂಬ ಮೂರನೆಯದನ್ನು ಕ್ಲೈಂಟ್ ತಮ್ಮ ಗೋದಾಮಿನವರ ಬಳಿ ಕೇಳಲು ಹೋಗಿದ್ದಾರೆ.